ಕಂಸದ ಒಳಗೂ ಹೊರಗೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ತೆಂಗಿನ ತೋಟ, ಅಟ್ಟ ತುಂಬಿದ ಕಾಯಿ, ಉಂಡೆ ಕೊಬ್ಬರಿಯ ಮಾರುಕಟ್ಟೆ. ಈ ಕೀರ್ತಿ ಯಥಾರ್ಥವಾದುದೇ ಸರಿ. ಆದರೆ ಇದೇ ಸೀಮೆ ಕನ್ನಡಕ್ಕೆ ಇನ್ನೊಂದು ಬಗೆಯ ಫಲವನ್ನೂ ನೀಡಿದೆಯೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ. ‘ಭಾರತೀಯ ಕಾವ್ಯಮೀಮಾಂಸೆ’ಯ ತೀ. ನಂ. ಶ್ರೀಕಂಠಯ್ಯನವರು 1906ರಲ್ಲಿ ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ; ಅದೇ 1906ರಲ್ಲಿ ಚಿಕ್ಕನಾಯಕನಹಳ್ಳಿಯಲ್ಲೇ ಹುಟ್ಟಿದವರು ಡಿ. ಎಲ್. ನರಸಿಂಹಾಚಾರ್ಯರು. ಮೂವರೂ ಮೈಸೂರಿನಲ್ಲಿ ಅಧ್ಯಾಪಕರಾಗಿ, ಹಳೆಯ ಪಾಠಗಳನ್ನು ಹೇಗೆ ಓದಬೇಕು, ಓದಿದುದನ್ನು ಹೇಗೆ ಅಚ್ಚುಮಾಡಬೇಕು, ವಿದ್ಯಾರ್ಥಿಯ ಮುಂದೆ ಉದಾಹರಣೆಯನ್ನು ಹೇಗೆ ಇಡಬೇಕು ಎಂಬ ವಿಷಯದಲ್ಲಿ ಒಂದು ತಲೆಮಾರಿನ ಅಭಿರುಚಿಯನ್ನು ತಿದ್ದಿದವರು. ಒಂದೇ ಸೀಮೆಯಲ್ಲಿ ಮೂವರು ಹುಟ್ಟಿದ್ದು ಕಾಕತಾಳೀಯವಿದ್ದೀತು. ಅವರು ಬೆಳೆಸಿದ ಶಿಸ್ತು ಮಾತ್ರ ಆಕಸ್ಮಿಕವಲ್ಲ.

ಆ ಶಿಸ್ತಿನ ತಿರುಳನ್ನು ಒಂದು ಮಾತಿನಲ್ಲಿ ಹೇಳುವುದಾದರೆ ಇಷ್ಟು: ಪುಟದ ಮೇಲಿರುವ ಪ್ರತಿಯೊಂದು ಅಕ್ಷರವೂ ಯಾರ ಕೈಯಿಂದ ಬಂದುದೆಂಬುದು, ಅಂದರೆ ಮೂಲ ಕರ್ತೃವಿನದೋ, ಸಂಪಾದಕನದೋ, ಇಲ್ಲವೆ ಓದುಗನೇ ತುಂಬಿಕೊಳ್ಳಬೇಕಾದುದೋ ಎಂಬುದು, ಓದುಗನಿಗೆ ನೋಡಿದೊಡನೆ ತಿಳಿಯಬೇಕು, ಅದನ್ನು ತಿಳಿಸಲು ಗೊತ್ತುಮಾಡಿಕೊಂಡ ಚಿಹ್ನೆ ಗ್ರಂಥದ ಆದಿಯಿಂದ ಅಂತ್ಯದವರೆಗೆ ಅರ್ಥವನ್ನು ಬದಲಿಸಬಾರದು. ಇಂದು ಕಂಪ್ಯೂಟರಿನ ಕಮ್ಯಾಂಡುಗಳನ್ನು ವಿವರಿಸುವ ಕೈಪಿಡಿಗಳನ್ನು ಬರೆಯುವವರು ಎದುರಿಸುತ್ತಿರುವುದು ಇದೇ ಪ್ರಶ್ನೆಯನ್ನು. ಆದುದರಿಂದ ಈ ಸೀಮೆಯ ಕಲ್ಲುಗಳಿಂದ ಹೊರಟು ಆ ಕೈಪಿಡಿಗಳವರೆಗೆ ಈ ಪದ್ಧತಿಯ ಇತಿಹಾಸವನ್ನು ಸ್ಥೂಲವಾಗಿ ಅವಲೋಕಿಸುವುದು ಅಪ್ರಯೋಜಕವಾಗಲಾರದು.

ಕಲ್ಲಿನಿಂದಲೇ ಆರಂಭಿಸೋಣ. ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ಗುಡಿಯೂ ಹೊಯ್ಸಳರ ಕಾಲದ ಚೆನ್ನಕೇಶವ ಗುಡಿಯೂ ಒಂದೇ ಊರಿನಲ್ಲಿ ನಿಂತಿವೆ. ಎರಡನೆಯದರಲ್ಲಿ ಹೊನೋಜನೆಂಬ ರೂವಾರಿ ತನ್ನ ಹೆಸರನ್ನು ಕೆತ್ತಿಟ್ಟಿದ್ದಾನೆ. ತುರುವೇಕೆರೆ ಪಟ್ಟಣದಲ್ಲಿಯೂ, ಸಮೀಪದ ನಾಗಲಾಪುರ, ವಿಘ್ನಸಂತೆಗಳಲ್ಲಿಯೂ ಹದಿಮೂರನೆಯ ಶತಮಾನದ ಹೊಯ್ಸಳ ಗುಡಿಗಳಿವೆ. ಇಂತಹ ಗುಡಿಗಳ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಊರ ಮುಂದಣ ಬಯಲಿನಲ್ಲಿ ನಿಂತ ದಾನಶಾಸನಗಳನ್ನು ನಾಲ್ಕಾರು ಓದಿದವನಿಗೂ ಅವುಗಳ ಅಚ್ಚುಕಟ್ಟು ಕಣ್ಣಿಗೆ ಹೊಳೆಯದಿರದು. ಮೊದಲು ಮಂಗಳವಾಚಕ, ಆಮೇಲೆ ದೇವತಾಸ್ತುತಿ. ತರುವಾಯ ಅರಸನ ಬಿರುದಾವಳಿ, ಅವನ ಅಧೀನನಾದ ಅಧಿಕಾರಿಯ ಪ್ರಶಂಸೆ. ಅನಂತರ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ. ಆ ಬಳಿಕ ದತ್ತಿ, ಅದರ ಎಲ್ಲೆಕಟ್ಟು. ಕಡೆಯಲ್ಲಿ ದತ್ತಿಯನ್ನು ಅಳಿದವನಿಗೆ ತಟ್ಟುವ ಪಾಪದ ಶ್ಲೋಕ, ಬರೆದವನ ಮತ್ತು ಕಂಡರಿಸಿದವನ ಹೆಸರು. ಕವಿಯ ಪ್ರತಿಭೆಗೆ ಪ್ರಶಂಸೆಯ ಭಾಗದಲ್ಲಿ ಯಥೇಚ್ಛವಾದ ಅವಕಾಶವಿದ್ದರೂ, ಕಾಲವನ್ನೂ ಎಲ್ಲೆಯನ್ನೂ ಹೇಳುವ ಭಾಗದಲ್ಲಿ ಅವನು ಕ್ರಮವನ್ನು ಮೀರುತ್ತಿರಲಿಲ್ಲ. ಏಕೆಂದರೆ ಆ ಭಾಗವನ್ನು ಓದುವವನು ರಸಿಕನಲ್ಲ, ನಾಳೆ ಹೊಲದ ಬದುವಿನಲ್ಲಿ ನಿಂತು ವ್ಯಾಜ್ಯವನ್ನು ತೀರಿಸಬೇಕಾದ ಊರ ಗೌಡ.

ಹೀಗೆ ಕ್ರಮ ಸ್ಥಿರವಾಗಿದ್ದುದರಿಂದ, ಕೆತ್ತಿಸಿದವರು ಊಹಿಸದಿದ್ದ ಒಂದು ಲಾಭವೂ ಮುಂದಿನವರಿಗೆ ದೊರೆಯಿತು. ಕಲ್ಲು ಬಿರಿದು ಅಕ್ಷರ ಹೋದೆಡೆಯಲ್ಲಿ ಏನಿದ್ದೀತೆಂಬುದನ್ನು ಉಳಿದ ಭಾಗದಿಂದ ನಿಗಮಿಸುವುದು ಸಾಧ್ಯವಾಯಿತು.

ಓಲೆಗರಿಯ ಲೋಕದಲ್ಲಿ ಸ್ಥಿತಿ ಬೇರೆಯಾಗಿತ್ತು. ಅಲ್ಲಿ ಪದ ಪದಗಳ ನಡುವೆ ತೆರಪಿಲ್ಲ. ಮೂಲವೂ ಟೀಕೂ ಒಂದೇ ಗಾತ್ರದ ಅಕ್ಷರದಲ್ಲಿ ಒಂದರ ಬೆನ್ನಿಗೊಂದು ಹರಿಯುತ್ತವೆ. ನಡುವೆ ಇದ್ದರೆ ಒಂದು ದಂಡ, ಇಲ್ಲದಿದ್ದರೆ ಅದೂ ಇಲ್ಲ. ಅಟ್ಟದಲ್ಲಿ ವರ್ಷಾವಧಿ ಬಿಟ್ಟ ಕಾಯಿಗಳು ಹೊರನೋಟಕ್ಕೆಲ್ಲ ಒಂದೇ ಆಗಿದ್ದು, ಕೈಗೆತ್ತಿಕೊಂಡು ಅಲುಗಿಸಿದವನಿಗೆ ಮಾತ್ರ ಯಾವುದರಲ್ಲಿ ಇನ್ನೂ ನೀರಿದೆ, ಯಾವುದರಲ್ಲಿ ಕೊಬ್ಬರಿ ಕಳಚಿ ಉಂಡೆಯಾಗಿದೆಯೆಂಬುದು ಸದ್ದಿನಿಂದ ಗೊತ್ತಾಗುವಂತೆ, ಓಲೆಯ ಸಾಲುಗಳಲ್ಲಿಯೂ ಕವಿಯ ಮಾತಾವುದು, ಲಿಪಿಕಾರನು ಅಂಚಿನಲ್ಲಿ ಗುರುತುಮಾಡಿಕೊಂಡಿದ್ದ ಮಾತಾವುದು ಎಂಬುದು ಬಲ್ಲವನಿಗೆ ಮಾತ್ರ ತಿಳಿಯುತ್ತಿತ್ತು. ಬಲ್ಲವನಲ್ಲದ ಮುಂದಿನ ಲಿಪಿಕಾರನು ಅಂಚಿನ ಟಿಪ್ಪಣಿಯನ್ನು ಮೂಲದೊಳಕ್ಕೆ ಸೇರಿಸಿ ಬರೆದನು. ಅವನ ಮುಂದಿನವನು ಅದನ್ನೇ ಕವಿವಾಣಿಯೆಂದು ನಂಬಿದನು. ಪ್ರಕ್ಷಿಪ್ತಗಳೆಂದು ಇಂದು ವಿದ್ವಾಂಸರು ಬೇರ್ಪಡಿಸುವ ಪದ್ಯಗಳಲ್ಲಿ ಎಲ್ಲವೂ ವಂಚನೆಯಿಂದ ಹುಟ್ಟಿದವಲ್ಲ. ಗುರುತಿಲ್ಲದ ಬರವಣಿಗೆಯ ಸಹಜ ಸಂತಾನವಾಗಿ ಬಂದವೂ ಅವುಗಳಲ್ಲಿವೆ.

ಈ ಅಪಾಯಕ್ಕೆ ಶಾಸ್ತ್ರಕಾರರು ಒಂದು ಉಪಾಯವನ್ನು ಕಂಡುಕೊಂಡಿದ್ದರು. ವಿಘ್ನಸಂತೆಯ ಗುಡಿ ಎದ್ದ ಶತಮಾನದಲ್ಲಿಯೇ, ಸುಮಾರು 1260ರಲ್ಲಿ, ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದ ರಚನೆಯನ್ನು ನೋಡಬೇಕು. ಸೂತ್ರ ಕಂದಪದ್ಯದಲ್ಲಿದೆ, ಅದರ ವಿವರಣೆಯಾದ ವೃತ್ತಿ ಗದ್ಯದಲ್ಲಿದೆ, ಅದಕ್ಕೆ ಪೋಷಕವಾದ ಪ್ರಯೋಗ ಪೂರ್ವಕವಿಗಳ ಕಾವ್ಯಗಳಿಂದ ಆರಿಸಿ ತಂದುದಾಗಿದೆ. ಸೂತ್ರ, ವೃತ್ತಿ, ಪ್ರಯೋಗ ಎಂಬ ಈ ತ್ರಿಪುಟಿ ಗ್ರಂಥದುದ್ದಕ್ಕೂ ಆವರ್ತಿಸುವುದರಿಂದ, ಯಾವುದು ನಿಯಮ, ಯಾವುದು ನಿಯಮದ ವ್ಯಾಖ್ಯಾನ, ಯಾವುದು ಅನ್ಯರ ಮಾತು ಎಂಬ ವಿವೇಕ ಓದುಗನಿಗೆ ಛಂದಸ್ಸಿನಿಂದಲೂ ಸ್ಥಾನದಿಂದಲೂ ತಾನಾಗಿ ಲಭಿಸುತ್ತದೆ. ಅಚ್ಚಿನ ಮೊಳೆ ಇಲ್ಲದ ಕಾಲದಲ್ಲಿ ದಪ್ಪಕ್ಷರದ, ಓರೆಯಕ್ಷರದ ಕೆಲಸವನ್ನು ಕಂದವೂ ಗದ್ಯವೂ ಹಂಚಿಕೊಂಡು ಮಾಡಿದುವು.

ಇನ್ನು ಅಚ್ಚಿನ ಯುಗ. ಬೆಂಗಳೂರಿನಲ್ಲೇ ಹುಟ್ಟಿದ ಬಿ. ಎಲ್. ರೈಸ್ ಮೈಸೂರು ಸಂಸ್ಥಾನದ ಒಂಬತ್ತು ಸಾವಿರಕ್ಕೆ ಸಮೀಪವಾದ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಹೊರತಂದರು. ಅವುಗಳಲ್ಲಿ ಹನ್ನೆರಡನೆಯದು, 1904ರಲ್ಲಿ ಪ್ರಕಟವಾದುದು, ತುಮಕೂರು ಜಿಲ್ಲೆಗೆ ಮೀಸಲಾದುದು. ತೆಂಗಿನ ಸೀಮೆಯ ಕಲ್ಲುಗಳು ಪುಸ್ತಕದೊಳಕ್ಕೆ ಬಂದುದು ಹೀಗೆ. ತಾಲ್ಲೂಕಿಗೊಂದು ವಿಭಾಗ, ವಿಭಾಗದೊಳಗೆ ಅನುಕ್ರಮ ಸಂಖ್ಯೆ, ಕಲ್ಲು ಯಾವ ಗ್ರಾಮದಲ್ಲಿ ಎಲ್ಲಿ ನಿಂತಿದೆಯೆಂಬ ಸೂಚನೆ, ಕನ್ನಡ ಲಿಪಿಯಲ್ಲಿ ಪಾಠ, ರೋಮನ್ ಲಿಪಿಯಲ್ಲಿ ಅದರ ಪ್ರತಿರೂಪ, ಇಂಗ್ಲಿಷಿನಲ್ಲಿ ಅನುವಾದ: ಈ ವಿನ್ಯಾಸ ಸಂಪುಟದಿಂದ ಸಂಪುಟಕ್ಕೆ ಬಹುಮಟ್ಟಿಗೆ ಏಕರೂಪವಾಗಿ ಸಾಗಿತು. ಅದರ ಫಲವಾಗಿ ಧಾರವಾಡದಲ್ಲಿ ಕುಳಿತ ವಿದ್ವಾಂಸನೊಬ್ಬನು ‘ತಿಪಟೂರು, ಇಷ್ಟನೆಯದು’ ಎಂದು ಬರೆದರೆ ಮದರಾಸಿನಲ್ಲಿ ಕುಳಿತವನು ಅದೇ ಕಲ್ಲನ್ನು ತೆರೆದು ನೋಡಬಹುದಾಯಿತು. ಮೈಸೂರಿನ ಪ್ರಾಕ್ತನ ಇಲಾಖೆಯ ವಾರ್ಷಿಕ ವರದಿಗಳು ತರುವಾಯ ಎಷ್ಟೋ ಪಾಠಗಳನ್ನು ಪುನಃ ಓದಿ ತಿದ್ದಿದುವು. ತಿದ್ದುವುದು ಸಾಧ್ಯವಾದುದಕ್ಕೂ ಆ ಏಕರೂಪತೆಯೇ ಆಧಾರ.

ಸಂಪಾದಕನು ಕಂಸವನ್ನು ಬಳಸುವುದು ಏತಕ್ಕೆಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ಹತ್ತಿರದಲ್ಲಿ ನೋಡೋಣ. ಒಂದು ಕಲ್ಲಿನಲ್ಲಿ ‘ಶಕವರ್ಷ 1208ನೆಯ’ ಎಂಬುದು ಸ್ಪಷ್ಟವಾಗಿದೆ. ಮುಂದಿನ ಒಂದೆರಡು ಅಕ್ಷರ ಚಕ್ಕೆಯೆದ್ದು ಹೋಗಿ, ‘ಯ ಸಂವತ್ಸರದ’ ಎಂಬುದಷ್ಟೇ ಉಳಿದಿದೆ ಎನ್ನೋಣ. ಅರವತ್ತು ಸಂವತ್ಸರಗಳಲ್ಲಿ ಒತ್ತಕ್ಷರವಲ್ಲದ ‘ಯ’ಕಾರದಿಂದ ಮುಗಿಯುವವು ವ್ಯಯ, ವಿಜಯ, ಜಯ, ಅಕ್ಷಯ ಎಂಬ ನಾಲ್ಕು. ಲೆಕ್ಕ ಹಾಕಿದರೆ ಶಕ 1208, ಅಂದರೆ ಕ್ರಿ. ಶ. 1286–87, ವ್ಯಯ ಸಂವತ್ಸರಕ್ಕೆ ಸರಿಹೊಂದುತ್ತದೆ. ಆದುದರಿಂದ ಸಂಪಾದಕನು ‘[ವ್ಯ]ಯ ಸಂವತ್ಸರದ’ ಎಂದು ಅಚ್ಚುಮಾಡುತ್ತಾನೆ. ಊಹೆ ಬಲವಾದುದೇ, ಆದರೂ ಶಾಸನಗಳಲ್ಲಿ ಶಕವರ್ಷಕ್ಕೂ ಸಂವತ್ಸರಕ್ಕೂ ಒಂದೆರಡು ವರ್ಷಗಳ ವ್ಯತ್ಯಾಸ ಬರುವುದು ಅಪೂರ್ವವೇನಲ್ಲ. ಕಂಸವಿಲ್ಲದೆ ‘ವ್ಯಯ’ ಎಂದೇ ಅಚ್ಚಾಗಿದ್ದರೆ ಮುಂದಿನ ಚರಿತ್ರಕಾರನು ಅದನ್ನು ಕಲ್ಲಿನ ಸಾಕ್ಷ್ಯವೆಂದು ಎತ್ತಿಹೇಳಿ, ಅದರ ಮೇಲೆ ಇನ್ನೊಂದು ಕಾಲನಿರ್ಣಯವನ್ನು ಕಟ್ಟುತ್ತಿದ್ದನು. ಆ ಎರಡು ಗೆರೆಗಳಿರುವುದರಿಂದ, ಒಪ್ಪದಿರುವ ಹಕ್ಕು ಅವನ ಕೈಯಲ್ಲಿ ಉಳಿಯಿತು.

ಚಿಹ್ನೆಗಳು ಎಲ್ಲೆಡೆಯೂ ಒಂದೇ ಅರ್ಥದಲ್ಲಿ ನಡೆದುಬಂದವೆಂದು ಭಾವಿಸಬಾರದು. ಯುರೋಪಿನ ಗ್ರೀಕ್ ಲ್ಯಾಟಿನ್ ವಿದ್ವಾಂಸರು 1931ರಲ್ಲಿ ಲೈಡನ್ ನಗರದಲ್ಲಿ ಸೇರಿ ಒಂದು ಸಂಕೇತಪದ್ಧತಿಗೆ ಒಪ್ಪಿದರು: ಚೌಕ ಕಂಸದೊಳಗಿನದು ಅಳಿದುಹೋಗಿ ಸಂಪಾದಕನು ತುಂಬಿದುದು, ಗೋಲ ಕಂಸದೊಳಗಿನದು ಸಂಕ್ಷೇಪವನ್ನು ಬಿಡಿಸಿದುದು, < > ಎಂಬ ಕೋನ ಕಂಸದೊಳಗಿನದು ಕೆತ್ತಿದವನು ಮರೆತುದು, ಅಕ್ಷರದ ಕೆಳಗಿನ ಚುಕ್ಕೆ ಸಂಶಯದ ಗುರುತು. ನಮ್ಮ ದೇಶದ ಶಾಸನಗಳ ಸಂಪುಟಮಾಲೆಯಾದ ‘ಎಪಿಗ್ರಾಫಿಯಾ ಇಂಡಿಕಾ’ದಲ್ಲಾದರೋ ಗೋಲ ಕಂಸ ತಿದ್ದುಪಡಿಗೆ ಮೀಸಲು, ಕೆತ್ತಿದವನು ಬಿಟ್ಟ ಅಕ್ಷರವನ್ನು ಚೌಕ ಕಂಸದೊಳಗೆ ನಕ್ಷತ್ರ ಚಿಹ್ನೆಯೊಡನೆ ತೋರಿಸುವುದು ಅಲ್ಲಿಯ ವಾಡಿಕೆ. ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಅರ್ಥವಿಲ್ಲ. ಒಂದೇ ಪುಟದಲ್ಲಿ ಎರಡನ್ನೂ ಬೆರೆಸಿದರೆ ಮಾತ್ರ ಎರಡೂ ನಿರರ್ಥಕ.

ಕನ್ನಡದಲ್ಲಿ ಈ ವಿವೇಕವನ್ನು ಶಾಸ್ತ್ರದ ಪದವಿಗೇರಿಸಿದ ಶ್ರೇಯಸ್ಸು ಚಿಕ್ಕನಾಯಕನಹಳ್ಳಿಯ ಡಿ. ಎಲ್. ನರಸಿಂಹಾಚಾರ್ಯರಿಗೆ ಸಲ್ಲತಕ್ಕದ್ದು. 1949ರಲ್ಲಿ ‘ವಡ್ಡಾರಾಧನೆ’, 1959ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, ಇವುಗಳನ್ನು ಸಂಪಾದಿಸಿದ ಅನುಭವದ ಮೇಲೆ 1964ರಲ್ಲಿ ಅವರು ‘ಕನ್ನಡ ಗ್ರಂಥಸಂಪಾದನೆ’ಯನ್ನು ಪ್ರಕಟಿಸಿದರು. ಲಿಪಿಕಾರನ ಕಣ್ಣು ಎಲ್ಲಿ ಜಾರುತ್ತದೆ, ಕೈ ಎಲ್ಲಿ ಒಂದು ಸಾಲನ್ನು ಹಾರುತ್ತದೆ, ಹಲವು ಪ್ರತಿಗಳಲ್ಲಿ ಯಾವುದು ಯಾವುದರ ಸಂತಾನ, ಪಾಠಾಂತರಗಳನ್ನು ತೂಗುವ ಬಗೆ ಹೇಗೆ ಎಂಬ ವಿಚಾರಗಳು ಕನ್ನಡದ ಉದಾಹರಣೆಗಳೊಡನೆ ಅಷ್ಟು ವಿಸ್ತಾರವಾಗಿ ವಿವೇಚಿತವಾದುದು ಆ ಗ್ರಂಥದಲ್ಲಿ. ಈ ಪರಂಪರೆಯ ಸಂಪಾದಕನು ಪ್ರತಿಗಳಿಗೆ ಕ, ಖ, ಗ ಎಂಬ ಸಂಕೇತಗಳನ್ನು ಮೊದಲೇ ಕೊಟ್ಟು, ಸ್ವೀಕೃತ ಪಾಠವನ್ನು ಮೇಲೆಯೂ ಬಿಟ್ಟ ಪಾಠಗಳನ್ನು ಅಡಿಟಿಪ್ಪಣಿಯಲ್ಲಿಯೂ ಇಡುತ್ತಾನೆ. ತನ್ನ ಊಹೆಯನ್ನು ಕವಿಯ ಮಾತಿನ ಸಾಲಿನಲ್ಲಿ ಗುರುತಿಲ್ಲದೆ ಕೂರಿಸುವ ಸ್ವಾತಂತ್ರ್ಯವನ್ನು ತಾನೇ ತ್ಯಜಿಸುತ್ತಾನೆ. ತೀ. ನಂ. ಶ್ರೀ. ಅವರ ‘ಕನ್ನಡ ಮಧ್ಯಮ ವ್ಯಾಕರಣ’ವು ಶಾಲೆಯ ಮಕ್ಕಳ ಮಟ್ಟದಲ್ಲಿ ಇದೇ ಸಂಸ್ಕಾರವನ್ನು ನೀಡಿತು. ‘ಮನೆ + ಅನ್ನು = ಮನೆಯನ್ನು’ ಎಂಬ ಬಗೆಯ ಸಾಲನ್ನು ಕನ್ನಡ ಕಲಿತ ಯಾರಿಗೂ ಪರಿಚಯಿಸಬೇಕಾಗಿಲ್ಲ; ಪ್ರಕೃತಿ ಎಡಕ್ಕೆ, ಪ್ರತ್ಯಯ ನಡುವೆ, ಸಿದ್ಧರೂಪ ಬಲಕ್ಕೆ ಎಂಬ ಆ ವ್ಯವಸ್ಥೆ ಎಂದೂ ತಲೆಕೆಳಗಾಗದ ಕಾರಣ ಹತ್ತು ವರ್ಷದ ಹುಡುಗನೂ ಅದನ್ನು ಸಂದೇಹವಿಲ್ಲದೆ ಓದುತ್ತಾನೆ.

ನರಸಿಂಹಾಚಾರ್ಯರು ತೀರಿಕೊಂಡದ್ದು 1971ರಲ್ಲಿ. ಅದೇ ವರ್ಷದ ನವೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಎಂಬಿಬ್ಬರು ಯುನಿಕ್ಸ್ ಎಂಬ ಕಂಪ್ಯೂಟರ್ ಕಾರ್ಯವ್ಯವಸ್ಥೆಯ ಮೊದಲ ಕೈಪಿಡಿಯನ್ನು ಸಿದ್ಧಪಡಿಸಿದರು. ಅಂದಿನ ಯಂತ್ರದೊಡನೆ ವ್ಯವಹಾರವೆಲ್ಲ ಟೆಲಿಟೈಪಿನ ಮೂಲಕ: ಮನುಷ್ಯನು ಒಂದು ಸಾಲಿನ ಕಮ್ಯಾಂಡನ್ನು ಒತ್ತುತ್ತಾನೆ, ಯಂತ್ರ ಉತ್ತರವನ್ನು ಮುದ್ರಿಸುತ್ತದೆ. ಕೈಪಿಡಿಯ ಪ್ರತಿ ಪ್ರಕರಣಕ್ಕೂ ಹೆಸರು, ಬಳಕೆಯ ಸಂಕ್ಷೇಪ, ವಿವರಣೆ, ದೋಷಗಳು ಎಂಬ ನಿಶ್ಚಿತ ಶೀರ್ಷಿಕೆಗಳು. ಪೀಠಿಕೆಯಲ್ಲಿ ಚಿಹ್ನೆಗಳ ಒಡಂಬಡಿಕೆ. ಚೌಕ ಕಂಸದೊಳಗಿನದು ಐಚ್ಛಿಕ, ಬೇಕಿದ್ದರೆ ಬರೆಯಬಹುದು, ಬೇಡವಾದರೆ ಬಿಡಬಹುದು. ಮೂರು ಚುಕ್ಕೆ ಕಂಡರೆ ಹಿಂದಿನದನ್ನು ಎಷ್ಟು ಸಲವಾದರೂ ಪುನರಾವರ್ತಿಸಬಹುದು. ಅಡಿಗೆರೆ ಎಳೆದ ಪದವನ್ನು ಇದ್ದಂತೆಯೇ, ಒಂದಕ್ಷರವೂ ಹೆಚ್ಚುಕಡಿಮೆಯಾಗದೆ ಒತ್ತಬೇಕು. ಶಾಸನಸಂಪಾದಕನ ಚೌಕ ಕಂಸ ‘ಇದು ಇದ್ದಿರಬೇಕು’ ಎನ್ನುತ್ತಿತ್ತು. ಈ ಕೈಪಿಡಿಯ ಚೌಕ ಕಂಸ ‘ಇದು ಇಲ್ಲದಿದ್ದರೂ ನಡೆಯುತ್ತದೆ’ ಎನ್ನುತ್ತದೆ.

ಇದಕ್ಕಿಂತಲೂ ವಿಚಿತ್ರವಾದುದು ಅಡಿಗೆರೆಯ ಕಥೆ. ಟೈಪ್‌ಸೆಟ್ಟಿಂಗ್ ಯಂತ್ರ ಬಂದ ಬಳಿಕ, 1979ರ ಏಳನೆಯ ಆವೃತ್ತಿಯ ವೇಳೆಗೆ, ಇದ್ದಂತೆಯೇ ಒತ್ತಬೇಕಾದುದನ್ನು ದಪ್ಪಕ್ಷರದಲ್ಲಿ ಅಚ್ಚುಮಾಡುವ ಪದ್ಧತಿ ಬಂದಿತು. ಓದುಗನು ತನ್ನದನ್ನು ತುಂಬಿಕೊಳ್ಳಬೇಕಾದೆಡೆಗೆ ಓರೆಯಕ್ಷರ ಒದಗಿತು. ಆದರೆ ಟರ್ಮಿನಲ್ಲಿನ ಪರದೆಗೆ ಓರೆಯಕ್ಷರವನ್ನು ತೋರಿಸುವ ಶಕ್ತಿ ಸಾಮಾನ್ಯವಾಗಿ ಇಲ್ಲದ ಕಾರಣ ಅದಕ್ಕೆ ಬದಲಾಗಿ ಅಡಿಗೆರೆಯನ್ನೇ ಎಳೆಯತೊಡಗಿದರು. ಹೀಗೆ ಮೊದಲ ಕೈಪಿಡಿಯಲ್ಲಿ ‘ಬದಲಿಸಬೇಡ’ ಎಂದು ಸಾರುತ್ತಿದ್ದ ಗೆರೆಯೇ ಯುನಿಕ್ಸಿನ ಮಾದರಿಯ ಇಂದಿನ ಲಿನಕ್ಸ್ ವ್ಯವಸ್ಥೆಯ ಪರದೆಯ ಮೇಲೆ ‘ಇಲ್ಲಿ ನಿನ್ನದನ್ನು ಹಾಕು’ ಎಂದು ಹೇಳುತ್ತದೆ. ಚಿಹ್ನೆಗೆ ಸ್ವತಃಸಿದ್ಧವಾದ ಅರ್ಥವೆಂಬುದಿಲ್ಲವೆಂದು ಸಾಧಿಸಲು ಇದಕ್ಕಿಂತ ಉತ್ತಮವಾದ ದೃಷ್ಟಾಂತ ಬೇಕಿಲ್ಲ.

ಯಂತ್ರವೇ ಮುದ್ರಿಸುವ ಸೂಚಕಚಿಹ್ನೆ, ಎಂದರೆ ಪ್ರಾಂಪ್ಟ್, ಇನ್ನೊಂದು ತೊಡಕನ್ನು ತಂದಿತು. ಏಳನೆಯ ಆವೃತ್ತಿಯ ಶೆಲ್ಲು, ಎಂದರೆ ಕಮ್ಯಾಂಡುಗಳನ್ನು ಓದಿ ನಡೆಸುವ ತಂತ್ರಾಂಶ, ಸಾಮಾನ್ಯ ಬಳಕೆದಾರನ ಮುಂದೆ $ ಚಿಹ್ನೆಯನ್ನೂ, ಸರ್ವಾಧಿಕಾರವುಳ್ಳ ಬಳಕೆದಾರನ ಮುಂದೆ # ಚಿಹ್ನೆಯನ್ನೂ ಇಟ್ಟು ಕಾಯುತ್ತಿತ್ತು. ಕೈಪಿಡಿ ಬರೆಯುವವರು ಉದಾಹರಣೆಯ ಸಾಲಿನ ಮೊದಲಿಗೆ ಅದನ್ನೂ ಸೇರಿಸಿ ಬರೆಯುವುದಕ್ಕೆ ಸಕಾರಣವಿತ್ತು: $ ಇರುವ ಸಾಲು ಮನುಷ್ಯನು ಒತ್ತಿದುದು, ಇಲ್ಲದಿರುವ ಸಾಲು ಯಂತ್ರ ಉತ್ತರಿಸಿದುದು. ಆದರೆ ಎಲ್ಲರೂ ಹೀಗೆ ಬರೆಯಲಿಲ್ಲ. ಬರೆದವರೂ ಎಲ್ಲೆಡೆಯಲ್ಲಿ ಬರೆಯಲಿಲ್ಲ. ಸಾಲನ್ನು ಇದ್ದಂತೆಯೇ ನಕಲುಮಾಡಿ ಅಂಟಿಸುವ ಹೊಸ ವಿದ್ಯಾರ್ಥಿಗೆ, $ ಎಂಬ ಹೆಸರಿನ ಕಮ್ಯಾಂಡ್ ಇಲ್ಲವೆಂದು ಶೆಲ್ಲು ಉತ್ತರ ಕೊಡುತ್ತದೆ. # ಸೇರಿದ ಸಾಲಿನ ಗತಿ ಇನ್ನೂ ಗೂಢ: ಶೆಲ್ಲಿನ ಭಾಷೆಯಲ್ಲಿ ಅದೇ ಚಿಹ್ನೆ ಟಿಪ್ಪಣಿಯ ಆರಂಭವೂ ಆಗಿರುವುದರಿಂದ, ಅಂಟಿಸಿದ ಸಾಲು ಏನನ್ನೂ ಮಾಡದೆ, ಏನನ್ನೂ ಹೇಳದೆ ಸುಮ್ಮನಾಗುತ್ತದೆ. < > ಎಂಬ ಕೋನ ಕಂಸಗಳೊಳಗೆ ‘ಕಡತದ ಹೆಸರು’ ಎಂದು ಬರೆದು, ಅದನ್ನು ಓದುಗನು ಬದಲಿಸಿಕೊಳ್ಳಲಿ ಎಂದು ಬಿಡುವವರಿದ್ದಾರೆ. ಶೆಲ್ಲಿಗಾದರೋ ಅವುಗಳಲ್ಲಿ ಒಂದು ‘ಈ ಕಡತದಿಂದ ಓದು’ ಎಂಬ, ಇನ್ನೊಂದು ‘ಈ ಕಡತಕ್ಕೆ ಬರೆ’ ಎಂಬ ಆಜ್ಞೆ. ಎರಡನೆಯದು ಕಡತದಲ್ಲಿ ಮೊದಲಿದ್ದುದನ್ನು ಅಳಿಸಿಹಾಕಲೂಬಲ್ಲುದು.

ಕನ್ನಡದಲ್ಲಿ ಇಂತಹ ಕೈಪಿಡಿಗಳನ್ನು ಬರೆಯಹೊರಟವರಿಗೆ ನಮ್ಮ ಭಾಷೆಯ ಪ್ರಕೃತಿಯೇ ಒಡ್ಡುವ ಕ್ಲೇಶಗಳೂ ಉಂಟು. ಇಂಗ್ಲಿಷಿನಲ್ಲಿ ಕಮ್ಯಾಂಡಿನ ಹೆಸರು ವಾಕ್ಯದ ನಡುವೆ ಬಂದರೂ ಅದರ ರೂಪ ಕೆಡುವುದಿಲ್ಲ; ಕನ್ನಡದಲ್ಲಿ ವಿಭಕ್ತಿ ಅದಕ್ಕೆ ಅಂಟಲೇಬೇಕು. ಕಡತಕೋಶವನ್ನು ಬದಲಿಸುವ ‘ಸಿಡಿ’ ಎಂಬ ಕಮ್ಯಾಂಡನ್ನು ತೀ. ನಂ. ಶ್ರೀ. ಅವರ ಪುಸ್ತಕದ ರೀತಿಯಲ್ಲಿ ಬಿಡಿಸಿ ಬರೆದರೆ ‘ಸಿಡಿ + ಅನ್ನು = ಸಿಡಿಯನ್ನು’ ಎಂದಾಗುತ್ತದೆ; ಯಕಾರಾಗಮ ವ್ಯಾಕರಣಕ್ಕೆ ಭೂಷಣ, ಆದರೆ ಒತ್ತಬೇಕಾದ ಅಕ್ಷರ ಎಲ್ಲಿಗೆ ಮುಗಿಯಿತೆಂಬುದು ಹೊಸಬನಿಗೆ ಮಸುಕು. ವ್ಯಂಜನಾಂತವಾದ ಹೆಸರುಗಳ ಮುಂದೆ ಒತ್ತಕ್ಷರವಾಗದಂತೆ ತಡೆಯಲು ನಾವು ಕೀಲಿಮಣೆಯಿಂದ ಸೇರಿಸುವ ಶೂನ್ಯಾಗಲದ ಚಿಹ್ನೆ ಕಣ್ಣಿಗೆ ಕಾಣದು. ಯಂತ್ರಕ್ಕೆ ಅದೂ ಒಂದಕ್ಷರವೇ. ಕಡತದ ಹೆಸರಿನ ಕೊನೆಯಲ್ಲಿ ಒಂದು ಸಲ ಅದು ಸೇರಿ ಇನ್ನೊಂದು ಸಲ ಬಿಟ್ಟುಹೋದರೆ, ನೋಟಕ್ಕೆ ಅಭಿನ್ನವಾದ ಎರಡು ಹೆಸರುಗಳು ಯಂತ್ರಕ್ಕೆ ಭಿನ್ನವಾಗಿ, ಕಡತ ಸಿಕ್ಕದೆ ಹೋಗುತ್ತದೆ. ಇದರ ಮೇಲೆ ಬರಹದ ತಂತ್ರಾಂಶ ಅಲಂಕಾರಬುದ್ಧಿಯಿಂದ ಎರಡು ಕಿರುಗೆರೆಗಳನ್ನು ಒಂದು ಉದ್ದಗೆರೆಯಾಗಿ, ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಮಾರ್ಪಡಿಸಿದರೆ, ಸುಂದರವಾಗಿ ಅಚ್ಚಾದ ಆ ಸಾಲು ಕೆಲಸಕ್ಕೆ ಬಾರದ ಸಾಲಾಗುತ್ತದೆ. ಅಂದು ಓಲೆಯ ಲಿಪಿಕಾರನು ಮಾಡುತ್ತಿದ್ದ ಸ್ಖಾಲಿತ್ಯವನ್ನು ಇಂದು ಯಂತ್ರವೇ ನಮ್ಮ ಪರವಾಗಿ, ನಮ್ಮನ್ನು ಕೇಳದೆ ಮಾಡುತ್ತಿದೆ.

ಪರಿಹಾರ ಹೊಸದಾಗಿ ಕಂಡುಹಿಡಿಯಬೇಕಾದುದಲ್ಲ. ಒತ್ತಬೇಕಾದುದು ಸ್ವತಂತ್ರವಾದ ಸಾಲಿನಲ್ಲಿ, ಸಮಾನ ಅಗಲದ ಅಕ್ಷರಗಳಲ್ಲಿ, ವಿಭಕ್ತಿಯ ಸೋಂಕಿಲ್ಲದೆ ನಿಲ್ಲಲಿ. ಅದರ ವಿವರಣೆ ಕೆಳಗಿನ ವಾಕ್ಯದಲ್ಲಿ ಬರಲಿ. ಯಂತ್ರದ ಉತ್ತರ ಬೇರೆಯ ಗುರುತಿನೊಡನೆ ಪ್ರತ್ಯೇಕವಾಗಿರಲಿ. ಕೇಶಿರಾಜನ ಸೂತ್ರ, ವೃತ್ತಿ, ಪ್ರಯೋಗಗಳ ಕ್ರಮ ಇದಕ್ಕೆ ದೂರವಾದುದೇನಲ್ಲ. ಪ್ರಾಂಪ್ಟನ್ನು ಬರೆಯುವುದೋ ಬಿಡುವುದೋ, ತುಂಬಿಕೊಳ್ಳಬೇಕಾದೆಡೆಗೆ ಓರೆಯಕ್ಷರವೋ ದೊಡ್ಡಕ್ಷರವೋ ಎಂಬುದು ಅಷ್ಟು ಮುಖ್ಯವಲ್ಲ. ಆರಿಸಿಕೊಂಡುದನ್ನು ಮೊದಲ ಪುಟದಲ್ಲಿ ‘ಸಂಕೇತಗಳು’ ಎಂಬ ಶಿರೋನಾಮೆಯ ಕೆಳಗೆ ಸಾರಿ, ಕಡೆಯ ಪುಟದವರೆಗೆ ಪಾಲಿಸುವುದು ಮುಖ್ಯ. ಹಲವರು ಸೇರಿ ಬರೆಯುವ ಕೈಪಿಡಿಗಳಲ್ಲಿ ಇದು ಇನ್ನೂ ಅಗತ್ಯ. ಏಕೆಂದರೆ ಅಲ್ಲಿ ಪ್ರತಿಯೊಬ್ಬನ ಅಭ್ಯಾಸವೂ ಅವನವನಿಗೆ ಸಹಜವಾಗಿ ತೋರುತ್ತದೆ, ಒಟ್ಟಿಗೆ ಓದುವವನಿಗೆ ಮಾತ್ರ ಗೊಂದಲವಾಗುತ್ತದೆ.

ಏಕರೂಪತೆಯನ್ನು ಅನೇಕರು ಅಂದಚಂದದ ವಿಚಾರವೆಂದೂ, ಕೆಲಸವೆಲ್ಲ ಮುಗಿದ ಮೇಲೆ ಬಿಡುವಿದ್ದರೆ ನೋಡಿಕೊಳ್ಳತಕ್ಕದ್ದೆಂದೂ ಎಣಿಸುತ್ತಾರೆ. ಮೇಲಿನ ಇತಿಹಾಸ ಆ ಎಣಿಕೆಯನ್ನು ಸಮರ್ಥಿಸುವುದಿಲ್ಲ. ಎಲ್ಲೆಕಟ್ಟನ್ನು ಕ್ರಮತಪ್ಪದೆ ಕೆತ್ತಿದವನೂ, ಊಹಿಸಿದ ಅಕ್ಷರವನ್ನು ಕಂಸದಲ್ಲಿಟ್ಟವನೂ, ಪಾಠಾಂತರವನ್ನು ಅಡಿಟಿಪ್ಪಣಿಯಲ್ಲಿ ಉಳಿಸಿದವನೂ ತಮ್ಮ ಮಾತನ್ನು ನಂಬಿ ಮುಂದಿನ ಹೆಜ್ಜೆಯನ್ನಿಡುವ ಅಪರಿಚಿತನೊಬ್ಬನಿಗೆ ಲೆಕ್ಕ ಒಪ್ಪಿಸುತ್ತಿದ್ದರು. ಕಾವ್ಯವನ್ನು ತಪ್ಪಾಗಿ ಓದಿದವನಿಗೆ ರಸಭಂಗವಾದೀತು. ಕಮ್ಯಾಂಡನ್ನು ತಪ್ಪಾಗಿ ಓದಿದವನ ಕಡತವೇ ಅಳಿದುಹೋದೀತು. ಆದುದರಿಂದ ‘ಗ್ರಂಥಸಂಪಾದನೆ’ಯ ಕರ್ತೃ ಹಳಗನ್ನಡ ಕಾವ್ಯಕ್ಕೆ ಸಲ್ಲಿಸಿದ ಎಚ್ಚರಿಕೆಗಿಂತ ಕಡಮೆಯಾದ ಎಚ್ಚರಿಕೆಯಿಂದ ಇಂದಿನ ಕೈಪಿಡಿಯನ್ನು ಬರೆಯುವುದಕ್ಕೆ ಯಾವ ನ್ಯಾಯವೂ ಕಾಣುವುದಿಲ್ಲ; ಒಂದು ಪಟ್ಟು ಹೆಚ್ಚಾಗಿ ಬೇಕೆನ್ನುವುದಕ್ಕೆ ಕಾರಣಗಳು ಬೇಕಾದಷ್ಟಿವೆ.